ಜ್ವರ ಹೋಗಿ ನಾಲ್ಕು ತಿಂಗಳು, ಸುಸ್ತು ಮಾತ್ರ ಹೋಗಿಲ್ಲ: ಅನುಭವ ಇದ್ದವರು ಹೇಳಿ

ಕೇಳಿದವರು: ಕೋವಿಡ್ ಬಂದು 4 ತಿಂಗಳಾಯಿತು. ರಕ್ತ, ಎಕ್ಸ್‌ರೇ ಎಲ್ಲ ನಾರ್ಮಲ್. ಆದರೆ ಸ್ನಾನ ಮಾಡಿ ಬಂದರೆ ಅರ್ಧ ಗಂಟೆ ಮಲಗಬೇಕು. ಡಾಕ್ಟರು ಒಂದು ಹಾಳೆ ಕೊಟ್ಟು ಕಳಿಸಿದರು: ದಿನಾ 10 ನಿಮಿಷ ನಡೆಯಿರಿ, ವಾರಕ್ಕೆ 5 ನಿಮಿಷ ಹೆಚ್ಚಿಸಿ. ಅಷ್ಟೇ. ಮುಂದಿನ ತಿಂಗಳು ಕೆಲಸಕ್ಕೆ ಸೇರಬೇಕು. ಅರ್ಧ ದಿನದಿಂದ ಶುರು ಮಾಡಲಾ?

ಕಿಟಕಿ ಪಕ್ಕದ ಮಂಚ: ಆ ಹಾಳೆ ನನಗೂ ಸಿಕ್ಕಿತ್ತು. ಚಾಚೂ ತಪ್ಪದೆ ಪಾಲಿಸಿದೆ. ಮೊದಲ ವಾರ 10 ನಿಮಿಷ, ಎರಡನೇ ವಾರ 15. ಮೂರನೇ ವಾರ 20 ನಿಮಿಷ ನಡೆದು ಬಂದ ದಿನ ಏನೂ ಆಗಲಿಲ್ಲ. ಗುಣವಾಗ್ತಿದೀನಿ ಅಂತ ಮನೆಯವರಿಗೆಲ್ಲ ಹೇಳಿದೆ. ಪೆಟ್ಟು ಬಿದ್ದಿದ್ದು ಎರಡನೇ ದಿನ ಬೆಳಿಗ್ಗೆ. ಗಂಟಲು ನೋವು, ಮೈಯೆಲ್ಲ ಸೀಸ ತುಂಬಿದ ಹಾಗೆ. ಬಾಚಣಿಗೆ ಕಿವಿ ತನಕ ಎತ್ತಿದೆ, ಅದರ ಮೇಲೆ ಕೈ ಹೋಗಲಿಲ್ಲ. ಅರ್ಧ ಬಾಚಿದ ತಲೆಯಲ್ಲೇ ಹೋಗಿ ಮಲಗಿದೆ. 11 ದಿನ ಹಾಸಿಗೆ. ರಜೆ ಮುಗಿದಿತ್ತು, 9 ದಿನದ ಸಂಬಳ ಹೋಯಿತು. ತೋರಿಸಲು ಹೋದರೆ "ಸ್ನಾಯು ಸೋತಿವೆ, ಇನ್ನೂ ಜಾಸ್ತಿ ನಡೆಯಿರಿ" ಅಂದರು. ಹಾಗೇ ಮೂರು ಸಲ ಬಿದ್ದೆ. ಪ್ರತಿ ಸಲ ಎದ್ದಾಗ ಮೊದಲಿಗಿಂತ ಒಂದು ಮೆಟ್ಟಿಲು ಕೆಳಗೆ. ಇವತ್ತಿಗೆ 14 ತಿಂಗಳು.

ಹತ್ತೊಂಬತ್ತು ದಿನ: ಹೀಗೆ ಬರೆದು ಜನರನ್ನು ಹೆದರಿಸಬೇಡಿ. ನಾನು 19 ದಿನ ಐಸಿಯುನಲ್ಲಿದ್ದೆ. 13 ಕಿಲೋ ಇಳಿದೆ. ತೊಡೆ ಎಷ್ಟು ಬಡಕಲಾಗಿತ್ತು ಅಂದರೆ ಪ್ಯಾಂಟು ನಿಲ್ಲುತ್ತಿರಲಿಲ್ಲ. ಫಿಸಿಯೋದವರು ಕುರ್ಚಿ ತುದಿಗೆ ಕೂರಿಸಿ, ಕೈ ಊರದೆ ಏಳಿ ಅಂದರು. ಮೊದಲ ದಿನ ಒಂದು ಸಲವೂ ಆಗಲಿಲ್ಲ. ಆರನೇ ವಾರಕ್ಕೆ ಹತ್ತು ಸಲ. ಈಗ ಎರಡು ಮಹಡಿ ಹತ್ತುತ್ತೇನೆ. ನಡೆದೇ ಗುಣವಾದವನು ನಾನು. ಮಲಗಿದ್ದರೆ ಇವತ್ತಿಗೂ ಮಲಗಿಯೇ ಇರುತ್ತಿದ್ದೆ.

ಕಿಟಕಿ ಪಕ್ಕದ ಮಂಚ: ಸರ್, ನಿಮ್ಮದು ಹಾಸಿಗೆಯಲ್ಲಿ ಕರಗಿದ ಸ್ನಾಯು. ಅದಕ್ಕೆ ವ್ಯಾಯಾಮವೇ ಮದ್ದು, ಒಪ್ಪಿದೆ. ನನ್ನದು ದಣಿದ ಮಾರನೇ ದಿನವೋ ಅದರ ಮರುದಿನವೋ ಬಂದು ಬಡಿಯುವಂಥದ್ದು. ಎರಡಕ್ಕೂ ಒಂದೇ ಹಾಳೆ ಕೊಡ್ತಾರಲ್ಲ, ನನ್ನ ಸಿಟ್ಟು ಅದಕ್ಕೆ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2021ರ ಅಕ್ಟೋಬರ್‌ನಲ್ಲೇ ಹೇಳಿದೆ, ಎಂಇ/ಸಿಎಫ್‌ಎಸ್ ಅನ್ನೋ, ದಣಿದರೆ ಹೀಗೇ ಬಂದು ಬಡಿಯುವ ದೀರ್ಘ ಸುಸ್ತಿನ ಕಾಯಿಲೆ ಇರುವವರಿಗೆ ಹೀಗೆ ವಾರವಾರ ಏರಿಸುವ ವ್ಯಾಯಾಮ ಕೊಡಬಾರದು ಅಂತ.

ಹತ್ತೊಂಬತ್ತು ದಿನ: ಅದು ಬೇರೆ ಕಾಯಿಲೆಗೆ ಬರೆದದ್ದು. ಕೋವಿಡ್‌ಗಲ್ಲ.

ಕಿಟಕಿ ಪಕ್ಕದ ಮಂಚ: ಆ ಕಾಯಿಲೆಯೂ ಎಷ್ಟೋ ಜನಕ್ಕೆ ಯಾವುದೋ ವೈರಸ್ ಜ್ವರದ ಬೆನ್ನಿಗೇ ಶುರುವಾಗಿದ್ದು. ಓದಿ ನೋಡಿ, ಆಮೇಲೆ ಮಾತಾಡಿ.

ನಿಂತರೆ 118: ನೀವಿಬ್ಬರೂ ಎದೆಬಡಿತದ ವಿಷಯವೇ ಎತ್ತಲಿಲ್ಲ. ನನಗೆ ಒಂಬತ್ತು ತಿಂಗಳು "ಟೆನ್ಶನ್ ಮಾಡ್ಕೋಬೇಡಿ" ಅಂತ ಹೇಳಿ ಕಳಿಸಿದರು. 3 ಇಸಿಜಿ, 2 ಎಕೋ. ಎಲ್ಲ ಮಲಗಿಸಿ ತೆಗೆದದ್ದು, ಎಲ್ಲ ನಾರ್ಮಲ್. ಒಬ್ಬರೂ ನಿಲ್ಲಿಸಿ ನೋಡಲಿಲ್ಲ. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಗೋಡೆಗೆ ಒರಗಿಸಿ 10 ನಿಮಿಷ ನಿಲ್ಲಿಸಿದರು. ಮಲಗಿದ್ದಾಗ 72, ಎಂಟನೇ ನಿಮಿಷಕ್ಕೆ 118. ಬಿಪಿ ಬೀಳದೆ, ಬಡಿತ ಮಾತ್ರ 30ಕ್ಕಿಂತ ಜಾಸ್ತಿ ಏರಿ ಹಾಗೇ ನಿಂತರೆ ಪಾಟ್ಸ್ ಇರಬಹುದು, ಅಂದರೆ ಎದ್ದು ನಿಂತಾಗ ಎದೆಬಡಿತ ವಿಪರೀತ ಏರುವ ತೊಂದರೆ. ಈಗ ಬಿಗಿ ಕಾಲುಚೀಲ, ಅವರು ಹೇಳಿದಷ್ಟು ನೀರು, ಉಪ್ಪು. ವ್ಯಾಯಾಮ ಮಲಗಿಕೊಂಡೇ. ಬಿಸಿನೀರಿಗೆ ರಕ್ತನಾಳ ಹಿಗ್ಗುತ್ತವೆ, ಅದಕ್ಕೇ ನಾನು ಸ್ಟೂಲ್ ಮೇಲೆ ಕೂತು ಉಗುರುಬೆಚ್ಚನೆ ನೀರಲ್ಲಿ ಸ್ನಾನ ಮಾಡೋದು. ಕೈಗೆ ವಾಚ್ ಕಟ್ಟಿಕೊಂಡಿದ್ದೇನೆ, 105 ದಾಟಿದರೆ ಕೂರುತ್ತೇನೆ.

ವಾಚ್ ಬಿಚ್ಚಿಟ್ಟವರು: ಆ ವಾಚ್ ನನ್ನ ಎಂಟು ತಿಂಗಳು ತಿಂದಿತು. ರಾತ್ರಿ ಮೂರು ಗಂಟೆಗೆ ಎದ್ದು ನಂಬರ್ ನೋಡುತ್ತಿದ್ದೆ. ನೋಡಿದ ಕೂಡಲೇ ಬಡಿತ ಇನ್ನೂ ಏರುತ್ತಿತ್ತು. ಬಿಚ್ಚಿಟ್ಟ ಮೇಲೇ ನಿದ್ದೆ ಬಂದದ್ದು. ದಯವಿಟ್ಟು ಯಾರಿಗೂ ಅದನ್ನು ಕಟ್ಟಿಕೊಳ್ಳಿ ಅನ್ನಬೇಡಿ.

ನಿಂತರೆ 118: ನಾನು ಯಾರಿಗೂ ಕಟ್ಟಿಕೊಳ್ಳಿ ಅನ್ನಲಿಲ್ಲ. ನನ್ನದು ಹೇಳಿದೆ. ಆ ನಂಬರ್ ತೋರಿಸದಿದ್ದರೆ ಇವತ್ತೂ ನನ್ನ ಚೀಟಿಯಲ್ಲಿ "ಆತಂಕ" ಅಂತಲೇ ಇರುತ್ತಿತ್ತು.

ಹತ್ತೊಂಬತ್ತು ದಿನ: ಒಂದು ಮಾತು. ನನ್ನ ಪಕ್ಕದ ಹಾಸಿಗೆಯವರು ಮನೆಗೆ ಹೋಗಲಿಲ್ಲ. ಕುರ್ಚಿಯಿಂದ ಒಬ್ಬನೇ ಎದ್ದ ದಿನ ಅವರ ನೆನಪಾಗಿ ಅತ್ತಿದ್ದೆ. ಆ ಏಳುವುದನ್ನು ಯಾರಾದರೂ ತಪ್ಪು ಅಂದರೆ ಸಹಿಸೋಕಾಗಲ್ಲ, ಮೇಡಂ.

ಕಿಟಕಿ ಪಕ್ಕದ ಮಂಚ: ನಿಮ್ಮದು ತಪ್ಪು ಅಂತ ನಾನೆಲ್ಲಿ ಅಂದೆ? ಮೇಲೆ ಹೋಗಿ ಇನ್ನೊಂದ್ಸಲ ಓದಿ.

ಕೇಳಿದವರು: ಎಲ್ಲ ಓದಿದೆ. ನನಗೂ ಎರಡನೇ ದಿನವೇ ಜಾಸ್ತಿ ಆಗುತ್ತೆ, ಇಷ್ಟು ದಿನ ಗಮನಿಸಿರಲಿಲ್ಲ. ಹಾಳೆಯನ್ನು ಸದ್ಯಕ್ಕೆ ಎತ್ತಿಟ್ಟಿದ್ದೇನೆ. ಸ್ಟೂಲ್ ಇವತ್ತೇ ಬಚ್ಚಲಿಗೆ ಹಾಕಿದೆ. ಅರ್ಧ ದಿನದ ಕೆಲಸದ ಬಗ್ಗೆ ಯಾರಾದರೂ ಹೇಳ್ತೀರಾ?