ಹೆಚ್ಚುವರಿ ಎಂದು ಅಧ್ಯಾಪಕರನ್ನು ಕೈಬಿಟ್ಟರೆ ಸಂಸ್ಥೆಗೆ ತಗಲುವ ಖರ್ಚೆಷ್ಟು?

ಡೊಂಬಿವಲಿ ಓದುಗ:
ನಮಸ್ಕಾರ. ನನ್ನ ತಂಗಿ ಪುಣೆಯ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ 12 ವರ್ಷಗಳಿಂದ ಸಹಾಯಕ ಪ್ರಾಧ್ಯಾಪಕಿ. ಐಚ್ಛಿಕ ವಿಷಯವೊಂದಕ್ಕೆ ವಿದ್ಯಾರ್ಥಿಗಳು ಬಾರದ ಕಾರಣ ವಿಭಾಗದಲ್ಲಿ ಒಂದು ಹುದ್ದೆ ಹೆಚ್ಚಾಗಿದೆ ಎಂದು ಆಡಳಿತ ವರ್ಗದವರು ಬಾಯಿಮಾತಿನಲ್ಲಿ ತಿಳಿಸಿದ್ದಾರೆ. ಹುದ್ದೆ ಹೆಚ್ಚೋ ಕಡಿಮೆಯೋ ಎಂಬುದನ್ನು ಯಾವ ಲೆಕ್ಕದಿಂದ ತೀರ್ಮಾನಿಸುತ್ತಾರೆ? ಕೈಬಿಟ್ಟರೆ ಎಷ್ಟು ಪರಿಹಾರ ಕೊಡಬೇಕಾಗುತ್ತದೆ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮಾಟುಂಗಾ ಮೇಷ್ಟ್ರು:
ಇಲ್ಲಿ ಎಣಿಸುವುದು ವೇಳಾಪಟ್ಟಿಯ ಗಂಟೆಗಳನ್ನು. ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ, ಅವರಿಗಿಂತ ಮೇಲಿನವರು 14 ಗಂಟೆ ಪಾಠ ಮಾಡಬೇಕು. ವಿಭಾಗದಲ್ಲಿ 48 ಗಂಟೆಗಳ ಪಾಠವಿದ್ದರೆ ಮೂವರು ಸಹಾಯಕ ಪ್ರಾಧ್ಯಾಪಕರಿಗೆ ಕೆಲಸವಿದೆ. ಅದು 42ಕ್ಕೆ ಇಳಿದರೆ ಇಬ್ಬರನ್ನು ಉಳಿಸಿಕೊಂಡು, ಮಿಕ್ಕ 10 ಗಂಟೆಗಳನ್ನು ನಮ್ಮ ಮಹಾರಾಷ್ಟ್ರದಲ್ಲಿ ಸಿಎಚ್‌ಬಿ ಎನ್ನುವ, ತಾಸಿನ ಲೆಕ್ಕದಲ್ಲಿ ಹಣ ಪಡೆಯುವ ಅಧ್ಯಾಪಕರಿಗೆ ಹಂಚಿಬಿಡುತ್ತಾರೆ. ಕಡಿಮೆಯಾದದ್ದು ಆರು ಗಂಟೆ, ಹೋಗುವುದು ಹದಿನಾರು ಗಂಟೆಯ ಹುದ್ದೆ. ಗುತ್ತಿಗೆ ನೇಮಕಾತಿ ಒಟ್ಟು ಹುದ್ದೆಗಳ ಶೇಕಡಾ 10ನ್ನು ಮೀರಬಾರದೆಂದು ಅದೇ ನಿಯಮಾವಳಿ ಹೇಳುತ್ತದೆ (ಪಾಲಿಸುವವರೆಷ್ಟು ಮಂದಿಯೋ!). ತಂಗಿಯವರು ಮೊದಲು ವಿಭಾಗದ ಕಾರ್ಯಭಾರದ ಪಟ್ಟಿಯನ್ನು ಲಿಖಿತವಾಗಿ ಕೇಳಲಿ.

ಪಣಜಿ ವಕೀಲೆ:
ಪರಿಹಾರದ ವಿಷಯದಲ್ಲಿ ಹೆಚ್ಚು ಆಸೆ ಬೇಡ. ಕೈಗಾರಿಕಾ ವಿವಾದ ಕಾಯ್ದೆಯು ಕೆಲಸ ಕಳೆದುಕೊಂಡ ಕಾರ್ಮಿಕನಿಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನವನ್ನು ಪರಿಹಾರವಾಗಿ ಗೊತ್ತುಪಡಿಸಿತ್ತು. ಆದರೆ ನಮ್ಮ ಗೋವಾದಿಂದಲೇ ಹೋದ ಸುಂದರಾಂಬಾಳ್ ಪ್ರಕರಣದಲ್ಲಿ, ಶಿಕ್ಷಕರು ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು ಸುಪ್ರೀಂ ಕೋರ್ಟ್ 1988ರಲ್ಲಿ ತೀರ್ಪಿತ್ತಿತು. ಗ್ರ್ಯಾಚುಯಿಟಿಯನ್ನು ಮಾತ್ರ ತಪ್ಪಿಸುವಂತಿಲ್ಲ. ಅಧ್ಯಾಪಕರನ್ನೂ ಅದರೊಳಗೆ ತಂದ 2009ರ ತಿದ್ದುಪಡಿಯನ್ನು ಅದೇ ನ್ಯಾಯಾಲಯ 2022ರಲ್ಲಿ ಎತ್ತಿಹಿಡಿದಿದೆ. ಇದಕ್ಕೂ ವರ್ಷಕ್ಕೆ 15 ದಿನಗಳ ವೇತನದ ಲೆಕ್ಕವೇ, ತಿಂಗಳಿಗೆ 26 ದಿನವೆಂದು ಹಿಡಿಯುತ್ತಾರೆ. ತಿಂಗಳಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 78,000 ರೂಪಾಯಿ ಎಂದಿಟ್ಟುಕೊಳ್ಳಿ: 26ರಿಂದ ಭಾಗಿಸಿದರೆ ದಿನಕ್ಕೆ 3,000, ಹದಿನೈದು ದಿನಕ್ಕೆ 45,000, ಹನ್ನೆರಡು ವರ್ಷಕ್ಕೆ 5,40,000. ಏಳು ತಿಂಗಳ ವೇತನವೂ ಆಗಲಿಲ್ಲ. ಅದೂ ಹೇಗಿದ್ದರೂ ಕೊಡಲೇಬೇಕಾಗಿದ್ದ ಹಣವಾದ್ದರಿಂದ, ಕೈಬಿಟ್ಟದ್ದಕ್ಕೆಂದೇ ಬೀಳುವ ಖರ್ಚು ನೇಮಕಾತಿ ಪತ್ರದಲ್ಲಿರುವ ನೋಟಿಸ್ ಅವಧಿಯ ಸಂಬಳವಷ್ಟೇ.

ಡೊಂಬಿವಲಿ ಓದುಗ:
ಇಬ್ಬರಿಗೂ ಧನ್ಯವಾದಗಳು. ತಾನಾಗಿಯೇ ರಾಜೀನಾಮೆ ಕೊಟ್ಟರೆ ಅನುಭವ ಪತ್ರ ಬೇಗ ಕೊಡುತ್ತೇವೆ ಎಂದೂ ಆಕೆಗೆ ಹೇಳಿದ್ದಾರಂತೆ.

ಪಣಜಿ ವಕೀಲೆ:
ದಯವಿಟ್ಟು ಬರೆದುಕೊಡಬೇಡಿ. ರಾಜೀನಾಮೆಯಿಂದ ಗ್ರ್ಯಾಚುಯಿಟಿ ತಪ್ಪದು, ಆದರೆ ನೋಟಿಸ್ ಸಂಬಳ ಕೇಳುವ ದಾರಿಯೂ, ಹುದ್ದೆ ನಿಜವಾಗಿ ಹೆಚ್ಚಾಗಿತ್ತೇ ಎಂದು ಪ್ರಶ್ನಿಸುವ ದಾರಿಯೂ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಮಾಟುಂಗಾ ಮೇಷ್ಟ್ರು:
ಆಕೆಯ ಬಳಿ ಪಿಎಚ್‌.ಡಿ. ವಿದ್ಯಾರ್ಥಿಗಳಿದ್ದಾರೆಯೇ? ಸಹಾಯಕ ಪ್ರಾಧ್ಯಾಪಕರೊಬ್ಬರು ನಾಲ್ವರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಆಕೆ ಹೋದ ಮೇಲೆ ವಿಭಾಗದಲ್ಲಿ ಉಳಿಯುವ ಅಧ್ಯಾಪಕರಲ್ಲಿ ಆ ವಿದ್ಯಾರ್ಥಿಗಳಿಗೆ ಜಾಗವಿಲ್ಲದಿದ್ದರೆ ಆಡಳಿತದವರು ಈ ತೀರ್ಮಾನವನ್ನು ಇನ್ನೊಮ್ಮೆ ಯೋಚಿಸಬೇಕಾಗುತ್ತದೆ. ಅದನ್ನೂ ಪತ್ರದಲ್ಲಿ ಸೇರಿಸಿ.