ಕಣ ಸಣ್ಣದಾದಷ್ಟೂ ತಾಮ್ರ ಮೆತ್ತಗಾಗುತ್ತಿದೆ: ಲ್ಯಾಂಪ್ಸ್ ಇನ್‌ಪುಟ್‌ನಲ್ಲಿ ಎಲ್ಲಿ ತಪ್ಪಿದ್ದೇನೆ?

ಕಂಚುಗಾರ:
ನ್ಯಾನೊ ಕಣಗಳ (ಲೋಹದೊಳಗಿನ ಪುಟ್ಟ ಹರಳುಗಳ) ತಾಮ್ರವನ್ನು ಲ್ಯಾಂಪ್ಸ್‌ನಲ್ಲಿ, ಅಂದರೆ ಪರಮಾಣುಗಳ ಚಲನೆಯನ್ನು ಲೆಕ್ಕಹಾಕುವ ಸಿಮ್ಯುಲೇಶನ್ ತಂತ್ರಾಂಶದಲ್ಲಿ, ಎಳೆದು ನೋಡುತ್ತಿದ್ದೇನೆ. ಹತ್ತು ದಿನದಿಂದ ಒಂದೇ ಕಡೆ ಸಿಕ್ಕಿಬಿದ್ದಿದ್ದೇನೆ. ಪೆಟ್ಟಿಗೆ ಪ್ರತಿ ಬದಿಗೆ 20 ನ್ಯಾನೊಮೀಟರ್, ಮೂರೂ ದಿಕ್ಕಿನಲ್ಲಿ ಪೀರಿಯಾಡಿಕ್ (ಒಂದು ಬದಿಯಿಂದ ಹೊರಹೋದದ್ದು ಎದುರು ಬದಿಯಿಂದ ಒಳಬರುತ್ತದೆ), ಪರಮಾಣುಗಳು ಸುಮಾರು 6.8 ಲಕ್ಷ. ಮಾದರಿ ಕಟ್ಟುವ ತಂತ್ರಾಂಶ ಅಟಾಮ್ಸ್ಕ್‌ನಲ್ಲಿ, ಜಾಗವನ್ನು ಕಣಗಳಾಗಿ ಹಂಚುವ ವೊರೊನೊಯ್ ವಿಧಾನದಿಂದ ಒಮ್ಮೆ 8 ಕಣ, ಇನ್ನೊಮ್ಮೆ 64 ಕಣ ಮಾಡಿಕೊಂಡೆ. ಸರಾಸರಿ ವ್ಯಾಸ 12.4 ಮತ್ತು 6.2 ನ್ಯಾನೊಮೀಟರ್ ಬರುತ್ತದೆ. ಮಿಶಿನ್ ಮತ್ತು ಸಂಗಡಿಗರ 2001ರ ಇಎಎಂ ಪೊಟೆನ್ಶಿಯಲ್ (ಪರಮಾಣುಗಳ ನಡುವಿನ ಬಲ ಹೇಳುವ ಸೂತ್ರ), 300 ಕೆಲ್ವಿನ್, ಮೆಟಲ್ ಯೂನಿಟ್ಸ್ (ಕಾಲ ಪಿಕೋಸೆಕೆಂಡಿನಲ್ಲಿ, ಒತ್ತಡ ಬಾರ್‌ನಲ್ಲಿ), ಟೈಮ್‌ಸ್ಟೆಪ್ 0.001, ಪೆಟ್ಟಿಗೆಯನ್ನು ಎಳೆಯುವ ಫಿಕ್ಸ್ ಡಿಫಾರ್ಮ್ ಆದೇಶದಲ್ಲಿ ಎರೇಟ್ (ಎಳೆತದ ವೇಗ) 0.01.

ಹಾಲ್–ಪೆಚ್ ನಿಯಮದ ಪ್ರಕಾರ ಕಣ ಸಣ್ಣದಾದರೆ ಲೋಹ ಗಟ್ಟಿಯಾಗಬೇಕು. ನನ್ನದು ತಲೆಕೆಳಗು. ಶೇಕಡಾ 5ರಿಂದ 10ರ ಸ್ಟ್ರೇನ್ (ಉದ್ದದ ಹೆಚ್ಚಳ) ನಡುವಿನ ಸರಾಸರಿ ಸ್ಟ್ರೆಸ್ (ಒಳಗಿನ ಬಿಗಿತ) ದೊಡ್ಡ ಕಣಕ್ಕೆ 3.4 ಗಿಗಾಪಾಸ್ಕಲ್, ಸಣ್ಣ ಕಣಕ್ಕೆ 2.9. ಗ್ರಾಫ್ ಬೇರೆ ಅಲೆಅಲೆಯಾಗಿ ಏರಿಳಿಯುತ್ತದೆ. 64 ಕಣದ ಗ್ರಾಫ್ ಸೊನ್ನೆಯ ಬದಲು ಮೈನಸ್ 0.6ರಿಂದ ಶುರುವಾಗುತ್ತಿತ್ತು. ಅದನ್ನು ಎಕ್ಸೆಲ್‌ನಲ್ಲಿ ಮೇಲಕ್ಕೆ ಸರಿಸಿಕೊಂಡಿದ್ದೇನೆ, ದೊಡ್ಡ ವಿಷಯವೇನಲ್ಲ. ಇಳಿಕೆಗೆ ಕಾರಣ ಹೇಳಿದರೆ ಉಪಕಾರ.

ಸಾಣೆಕಲ್ಲು:
ದೊಡ್ಡ ವಿಷಯವಲ್ಲ ಎಂದಿರಲ್ಲ, ಮೊದಲು ಅದನ್ನೇ ತೋರಿಸಿ. ಎಳೆಯುವ ಮುಂಚೆ ಎಷ್ಟು ಹೊತ್ತು ರಿಲ್ಯಾಕ್ಸ್ ಮಾಡಿದಿರಿ, ಅಂದರೆ ಪರಮಾಣುಗಳು ನೆಲೆಗೊಳ್ಳಲು ಬಿಟ್ಟಿರಿ? ಮಿನಿಮೈಸ್ (ಶಕ್ತಿ ಕನಿಷ್ಠವಾಗುವಂತೆ ಪರಮಾಣುಗಳನ್ನು ಸರಿಸುವುದು) ಮಾಡಿದಿರಾ? ತಾಪ, ಒತ್ತಡಗಳನ್ನು ಹಿಡಿದಿಡುವ ಎನ್‌ಪಿಟಿ ಸಾಲು ಹೇಗಿದೆ? ಗ್ರಾಫ್ ಬೇಡ. ಆ ಹಂತದ ಲಾಗ್ ಫೈಲಿನ ಕೊನೆಯ ಸಾಲು ಹಾಕಿ.

ಕಂಚುಗಾರ:
ಮಿನಿಮೈಸ್ ಮಾಡಿಲ್ಲ. 5 ಪಿಕೋಸೆಕೆಂಡ್ ಎನ್‌ಪಿಟಿ ಐಸೊ, ಪಿಡ್ಯಾಂಪ್ (ಒತ್ತಡ ಸರಿಪಡಿಸಲು ಹಿಡಿಯುವ ಕಾಲ, ಪಿಕೋಸೆಕೆಂಡಿನಲ್ಲಿ) 10. ಆರಂಭದಲ್ಲಿ ತಾಪ 640 ಕೆಲ್ವಿನ್‌ಗೆ ಜಿಗಿದು ಆಮೇಲೆ ಇಳಿಯಿತು. 64 ಕಣದ ಮಾದರಿಯ ಕೊನೆಯ ಸಾಲು: ಒತ್ತಡ 17 ಬಾರ್; ಒಂದೊಂದು ದಿಕ್ಕಿನಲ್ಲಿ ಪಿಎಕ್ಸ್‌ಎಕ್ಸ್ 6140, ಪಿವೈವೈ ಮೈನಸ್ 2580, ಪಿಜೆಡ್‌ಜೆಡ್ ಮೈನಸ್ 3510. ಒಟ್ಟು ಒತ್ತಡ ಸೊನ್ನೆಯ ಹತ್ತಿರವೇ ಇದೆಯಲ್ಲ?

ಸಾಣೆಕಲ್ಲು:
ಆ ಮೂರು ಸಂಖ್ಯೆಗಳನ್ನು ಕೂಡಿಸಿ ಮೂರರಿಂದ ಭಾಗಿಸಿ, ನಿಮ್ಮ 17 ಸಿಗುತ್ತದೆ. ಐಸೊ ನೋಡಿಕೊಳ್ಳುವುದು ಆ ಸರಾಸರಿಯನ್ನು ಮಾತ್ರ. ಒಂದು ದಿಕ್ಕು ಹಿಂಡಿಸಿಕೊಂಡು ಇನ್ನೆರಡು ಹಿಗ್ಗಿ ಕುಳಿತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಪಿಎಕ್ಸ್‌ಎಕ್ಸ್ 6140 ಬಾರ್ ಎಂದರೆ 0.614 ಗಿಗಾಪಾಸ್ಕಲ್ ಸಂಕೋಚನ, ಚಿಹ್ನೆ ಬದಲಿಸಿದರೆ ಮೈನಸ್ 0.6. ನೀವು ಎಕ್ಸೆಲ್‌ನಲ್ಲಿ ಮೇಲಕ್ಕೆತ್ತಿದ್ದು ಇದನ್ನೇ. ಗೆರೆಯನ್ನು ಸರಿಸಿದರೆ ಮಾದರಿಯೊಳಗಿನ ಬಿಗಿತ ಹೋಗುವುದಿಲ್ಲ. ವೈ, ಜೆಡ್ ದಿಕ್ಕುಗಳಲ್ಲಿ ಉಳಿದಿರುವ ಎಳೆತ ನಿಮ್ಮ ಗ್ರಾಫಿನಲ್ಲಿ ಕಾಣಿಸುವುದೂ ಇಲ್ಲ.

ಮಾಡಬೇಕಾದದ್ದು: ಕಣಗಡಿಗಳಲ್ಲಿ 2 ಆಂಗ್‌ಸ್ಟ್ರಮ್‌ಗಿಂತ ಹತ್ತಿರ ಬಿದ್ದಿರುವ ಜೋಡಿಗಳಲ್ಲಿ ಒಂದೊಂದನ್ನು ಅಳಿಸಿ. ತಾಮ್ರದಲ್ಲಿ ಪಕ್ಕದ ಪರಮಾಣು 2.556 ಆಂಗ್‌ಸ್ಟ್ರಮ್ ದೂರದಲ್ಲಿರಬೇಕು. 640 ಕೆಲ್ವಿನ್‌ಗೆ ಜಿಗಿದದ್ದು ಇಂಥ ಜೋಡಿಗಳು ಒಂದನ್ನೊಂದು ಒದ್ದದ್ದರಿಂದ. ಬಳಿಕ ಮಿನಿಮೈಸ್, ಆಮೇಲೆ ಎನ್‌ಪಿಟಿ ಅನೈಸೊ (ಮೂರೂ ದಿಕ್ಕುಗಳನ್ನು ಬೇರೆಬೇರೆಯಾಗಿ ಸರಿಪಡಿಸುವುದು), ಕನಿಷ್ಠ 100 ಪಿಕೋಸೆಕೆಂಡ್. ನಡುವೆ ಸ್ವಲ್ಪ ಹೊತ್ತು 600 ಕೆಲ್ವಿನ್‌ಗೆ ಏರಿಸಿ ಇಳಿಸಿದರೆ ಗಡಿಗಳು ಬೇಗ ನೆಲೆಗೊಳ್ಳುತ್ತವೆ. ಅದಕ್ಕೂ ಮೇಲೆ ಹೋಗಬೇಡಿ, ಕಣಗಳೇ ಬೆಳೆದುಬಿಟ್ಟರೆ 6.2 ಎಂಬ ಅಳತೆಗೆ ಅರ್ಥವಿರುವುದಿಲ್ಲ. ಮೂರೂ ಒತ್ತಡಗಳು ಪ್ರತ್ಯೇಕವಾಗಿ ಸೊನ್ನೆಯ ಆಸುಪಾಸು ಬಂದು, ವಿಭವ ಶಕ್ತಿ ಇಳಿಯುವುದು ನಿಲ್ಲುವವರೆಗೆ ಎಳೆಯಬೇಡಿ.

ಇನ್ನು ಅಲೆಗಳು. ಮೆಟಲ್ ಯೂನಿಟ್ಸ್‌ನಲ್ಲಿ ಎರೇಟ್ ಪ್ರತಿ ಪಿಕೋಸೆಕೆಂಡಿಗೆ. 0.01 ಎಂದರೆ ಸೆಕೆಂಡಿಗೆ 10ರ ಘಾತ 10. ಶೇಕಡಾ 10ರಷ್ಟು ಎಳೆತ 10 ಪಿಕೋಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ನಿಮ್ಮ ಪಿಡ್ಯಾಂಪ್ ಕೂಡ 10! ಪಕ್ಕದ ಗೋಡೆಗಳಿಗೆ ಸುದ್ದಿ ಮುಟ್ಟಿ ಅವು ಒಳಕ್ಕೆ ಸರಿಯುವ ಹೊತ್ತಿಗೆ ಪರೀಕ್ಷೆಯೇ ಮುಗಿದಿರುತ್ತದೆ. ಎರೇಟ್ 0.0005, ಪಿಡ್ಯಾಂಪ್ 1 ಮಾಡಿ. ಎಕ್ಸ್ ದಿಕ್ಕನ್ನು ಡಿಫಾರ್ಮ್‌ಗೆ ಬಿಟ್ಟು ವೈ, ಜೆಡ್ ಮಾತ್ರ ಸೊನ್ನೆ ಒತ್ತಡದಲ್ಲಿರಲಿ. 2 ಲಕ್ಷ ಹೆಜ್ಜೆಯಾಗುತ್ತದೆ, ತಾಳ್ಮೆ ಬೇಕು. ಹಾಗಿದ್ದರೂ ಪ್ರಯೋಗಾಲಯದ ಸಾಮಾನ್ಯ ಎಳೆತಕ್ಕಿಂತ ಇದು ಎಷ್ಟೋ ಕೋಟಿ ಪಟ್ಟು ವೇಗ.

ಜಾಲಕ:
ಇಳಿಕೆಯ ಬಗ್ಗೆ ನಾನು ಹೇಳುತ್ತೇನೆ. ಇಷ್ಟೆಲ್ಲ ಸರಿಪಡಿಸಿದರೂ ಅದು ಹೋಗಲಾರದು, ಹೋಗಬೇಕಾಗಿಯೂ ಇಲ್ಲ. ಹಾಲ್ 1951ರಲ್ಲಿ, ಪೆಚ್ 1953ರಲ್ಲಿ ಅಳೆದದ್ದು ಉಕ್ಕಿನ, ಕಬ್ಬಿಣದ ದಪ್ಪ ಕಣಗಳನ್ನು. ಅಲ್ಲಿ ಡಿಸ್‌ಲೊಕೇಶನ್‌ಗಳು (ಹರಳಿನ ಜೋಡಣೆಯಲ್ಲಿ ಸರಿದಾಡುವ ದೋಷದ ಗೆರೆಗಳು) ಗಡಿಯ ಬಳಿ ತಡೆಯಾಗಿ ಸಾಲುಗಟ್ಟಿ ನಿಲ್ಲುತ್ತವೆ. 6 ನ್ಯಾನೊಮೀಟರ್ ಕಣದಲ್ಲಿ ಸಾಲು ನಿಲ್ಲಲು ಜಾಗವೆಲ್ಲಿ? ಗಡಿಯಲ್ಲಿರುವ ಪರಮಾಣುಗಳ ಪಾಲೇ ಹೆಚ್ಚಾಗಿ, ಕಣಗಳು ಒಂದರ ಮೇಲೊಂದು ಜಾರುತ್ತವೆ. ಡೆನ್ಮಾರ್ಕಿನ ಶಿಯೋಟ್ಸ್ ಮತ್ತು ಸಂಗಡಿಗರು 1998ರಲ್ಲೇ ಇದನ್ನು ಸಿಮ್ಯುಲೇಶನ್‌ನಲ್ಲಿ ಕಂಡರು. 2003ರಲ್ಲಿ ಶಿಯೋಟ್ಸ್ ಮತ್ತು ಯಾಕಬ್‌ಸನ್ ತಾಮ್ರದ ಬಲ 10ರಿಂದ 15 ನ್ಯಾನೊಮೀಟರ್ ಆಸುಪಾಸಿನಲ್ಲಿ ಶಿಖರ ಮುಟ್ಟುತ್ತದೆ ಎಂದು ತೋರಿಸಿದರು. ನಿಮ್ಮ ಒಂದು ಮಾದರಿ ಶಿಖರದ ಮೇಲಿದೆ, ಇನ್ನೊಂದು ಕೆಳಗಿನ ಇಳಿಜಾರಿನಲ್ಲಿ.

ನನ್ನ ಮಾತು ನಂಬಬೇಡಿ, ಪರಮಾಣುಗಳನ್ನು ಚಿತ್ರವಾಗಿ ತೋರಿಸುವ ಓವಿಟೊದಲ್ಲಿ ನೋಡಿ. ಎಳೆಯುವ ಮುನ್ನ ಮಾದರಿಯ ಅಡ್ಡಕ್ಕೆ ಒಂದು ನೇರ ಪಟ್ಟಿಯ ಪರಮಾಣುಗಳನ್ನು ಆಯ್ದು ಅವುಗಳ ಐಡಿಗಳನ್ನು ಗುಂಪಾಗಿ ಇಟ್ಟುಕೊಳ್ಳಿ. ಶೇಕಡಾ 8ರ ಸ್ಟ್ರೇನ್‌ನಲ್ಲಿ ಅದೇ ಗುಂಪಿಗೆ ಬಣ್ಣ ಹಚ್ಚಿ. ಪಟ್ಟಿ ಗಡಿಗಳಲ್ಲಿ ಮುರಿದಿದ್ದರೆ ಜಾರಿಕೆ. ಕಣದ ನಡುವೆಯೇ ಮೆಟ್ಟಿಲು ಬಿದ್ದು, ಪ್ರತಿ ಪರಮಾಣುವಿನ ಸುತ್ತಲ ಜೋಡಣೆ ಗುರುತಿಸುವ ಕಾಮನ್ ನೇಬರ್ ಅನಾಲಿಸಿಸ್‌ನಲ್ಲಿ ಅಲ್ಲಿ ಎರಡು ಪದರ ಎಚ್‌ಸಿಪಿ (ತಾಮ್ರದ ಸಹಜ ಜೋಡಣೆಗಿಂತ ಬೇರೆಯಾದದ್ದು) ಕಂಡರೆ, ಪಾರ್ಶಿಯಲ್ (ಅರೆ) ಡಿಸ್‌ಲೊಕೇಶನ್ ಹಾದುಹೋಗಿ ಸ್ಟ್ಯಾಕಿಂಗ್ ಫಾಲ್ಟ್ (ಪದರಗಳ ಕ್ರಮ ತಪ್ಪಿದ ಜಾಗ) ಬಿಟ್ಟಿದೆ ಎಂದು ಲೆಕ್ಕ. ಒಂದೇ ಪದರವಾದರೆ ಅದು ಟ್ವಿನ್ ಗಡಿ, ಅಂದರೆ ಎರಡು ಬದಿಯ ಜೋಡಣೆ ಒಂದಕ್ಕೊಂದು ಕನ್ನಡಿ ಬಿಂಬದಂತಿರುವ ಗಡಿ.

ಒಂದು ತಕರಾರು ಮಾತ್ರ ಇದೆ. 8 ಕಣದ ಮಾದರಿಯನ್ನು 64 ಕಣದ್ದರ ಜೊತೆ ಹೋಲಿಸುವುದು ನ್ಯಾಯವಲ್ಲ. ಎಂಟೇ ಕಣಗಳಲ್ಲಿ ಎರಡು ಅನುಕೂಲವಾದ ಕೋನಕ್ಕೆ ತಿರುಗಿದ್ದರೂ ಫಲಿತಾಂಶ ವಾಲುತ್ತದೆ.

ಕಂಚುಗಾರ:
ಆರು ದಿನವಾಯಿತು, ಈಗ ಬಂದೆ. ಹತ್ತಿರದ ಜೋಡಿಗಳನ್ನು ಅಳಿಸಿ, ಮಿನಿಮೈಸ್ ಮಾಡಿ, ಅನೈಸೊದಲ್ಲಿ 120 ಪಿಕೋಸೆಕೆಂಡ್ ಬಿಟ್ಟೆ. ಎರಡೂ ಗ್ರಾಫ್‌ಗಳು ಸೊನ್ನೆಯಿಂದಲೇ ಹೊರಡುತ್ತವೆ, ಅಲೆ ಇಲ್ಲ. ಸರಾಸರಿ ಈಗ 2.3 ಮತ್ತು 1.9. ಇಳಿಕೆ ಹಾಗೇ ಇದೆ. 6.2ರ ಮಾದರಿಯಲ್ಲಿ ಪಟ್ಟಿ ಗಡಿಗಡಿಗೂ ತುಂಡಾಗಿದೆ, ಕಣದೊಳಗೆ ಹೆಚ್ಚುಕಡಿಮೆ ನೇರ. 12.4ರದ್ದರಲ್ಲಿ ಮೂರು ಕಣಗಳ ನಡುವೆ ಎರಡು ಪದರದ ಕೆಂಪು (ಎಚ್‌ಸಿಪಿ) ಗೆರೆಗಳು ಈ ತುದಿಯಿಂದ ಆ ತುದಿಗೆ ಹೋಗಿವೆ.

12.4ಕ್ಕೂ 64 ಕಣ ಬೇಕೆಂದರೆ ಪೆಟ್ಟಿಗೆ 40 ನ್ಯಾನೊಮೀಟರ್, ಪರಮಾಣು 54 ಲಕ್ಷ. ನಮ್ಮ ಯಂತ್ರಕ್ಕೆ ಅದು ಭಾರ.

ಜಾಲಕ:
ಹಾಗಾದರೆ ಈಗಿನ 8 ಕಣದ್ದನ್ನೇ ಬೇರೆ ಬೇರೆ ರ‍್ಯಾಂಡಮ್ ಸೀಡ್‌ನಿಂದ (ಕಣಗಳ ಜೋಡಣೆ ಬದಲಿಸುವ ಸಂಖ್ಯೆಯಿಂದ) ನಾಲ್ಕು ಬಾರಿ ಕಟ್ಟಿ ಓಡಿಸಿ. ನಾಲ್ಕರ ಹರವು 0.4ಕ್ಕಿಂತ (2.3, 1.9ರ ಅಂತರಕ್ಕಿಂತ) ಸಾಕಷ್ಟು ಕಡಿಮೆಯಿದ್ದರೆ ಇಳಿಕೆಯನ್ನು ಬರೆಯಬಹುದು. ಇಲ್ಲದಿದ್ದರೆ ಕಾಯಬೇಕು.

ಕಂಚುಗಾರ:
ಈ ರಾತ್ರಿಯೇ ಕ್ಯೂಗೆ ಹಾಕುತ್ತೇನೆ. ಇನ್ನೊಂದು ಕೆಲಸ ಬಾಕಿ ಇದೆ: ಎಕ್ಸೆಲ್‌ನಲ್ಲಿ ಮೇಲಕ್ಕೆತ್ತಿದ ಹಳೆಯ ಗ್ರಾಫ್ ಈಗಾಗಲೇ ನಮ್ಮ ಗೈಡ್ ಅವರ ಸ್ಲೈಡಿನಲ್ಲಿ ಸೇರಿಹೋಗಿದೆ. ಬೆಳಿಗ್ಗೆ ಹೋಗಿ ಹೇಳಬೇಕು.