ಸುರತ್ಕಲ್ ಕ್ಯಾಂಪಸ್‌ಗೆ ಕಾರು ಕಂಪೆನಿಯ ಸಿಇಒ ಬರ್ತಿದ್ದಾರೆ: ಇರುವ ಒಂದು ಪ್ರಶ್ನೆಯಲ್ಲಿ ಏನು ಕೇಳುದು?

ಘಾಟಿ_ಗೇರ್:
ಮುಂದಿನ ವಾರ ಸುರತ್ಕಲ್ ಕ್ಯಾಂಪಸ್‌ನಲ್ಲಿ ಒಂದು ಕಾರು ಕಂಪೆನಿಯ ಸಿಇಒ ಭಾಷಣ ಉಂಟು. ಮೊದಲೇ ಹೆಸರು ಕೊಟ್ಟರೆ ಹೊರಗಿನವರಿಗೂ ಪ್ರವೇಶ. ಕೊನೆಗೆ ಇಪ್ಪತ್ತು ನಿಮಿಷ ಪ್ರಶ್ನೋತ್ತರ, ಒಬ್ಬರಿಗೆ ಒಂದೇ ಪ್ರಶ್ನೆ. ಪಟ್ಟಿಯಲ್ಲಿ ಮೂರಿವೆ: ಸಣ್ಣ ಡೀಸೆಲ್ ಎಂಜಿನ್ ಯಾಕೆ ನಿಲ್ಲಿಸಿದ್ರಿ, ಇ20 (20% ಎಥನಾಲ್ ಬೆರೆತ) ಪೆಟ್ರೋಲಿನಿಂದ ಮೈಲೇಜ್ ಇಳಿದದ್ದಕ್ಕೆ ಏನು ಹೇಳ್ತೀರಿ, ಕರಾವಳಿಯ ಗಾಡಿಗಳ ತುಕ್ಕಿಗೆ ಏನು ಮಾಡ್ತೀರಿ. ಯಾವುದು ಕೇಳಿದ್ರೆ ಪ್ರಯೋಜನ? ಭಾಷಣ ಮುಗಿದ ಮೇಲೆ ಹತ್ತಿರ ಹೋಗ್ಲಿಕ್ಕೆ ಸಿಕ್ಕಿದ್ರೆ ಕೈಯಲ್ಲಿ ಎಂತ ಇರಬೇಕು?

ಬಂದರು_ಬೋನೆಟ್:
ಮೊದಲ ಎರಡು ಬಿಡಿ ಮಾರಾಯ್ರೆ. ಡೀಸೆಲಿನ ಉತ್ತರ ಅವರು ಬಾಯಿ ತೆರೆಯುವ ಮೊದಲೇ ಗೊತ್ತುಂಟು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂತು, ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಬೇಕಾಯ್ತು, ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಸಾಮಾನು ಬೇರೆ. 2023ರ ಏಪ್ರಿಲ್‌ನಿಂದ ರಸ್ತೆಯಲ್ಲೇ ಓಡಿಸಿ ಹೊಗೆ ಅಳೆಯುವ ಆರ್‌ಡಿಇ. ಸಣ್ಣ ಕಾರಿನ ಬೆಲೆಗೆ ಈ ಖರ್ಚು ಹೊಂದುದಿಲ್ಲ. ಅದೂ ಅಲ್ಲದೆ ಮಂಗಳೂರು ಪೇಟೆಯೊಳಗೆ ಹಂಪನಕಟ್ಟೆ, ಬಿಜೈ ಮಧ್ಯೆ ಮಾತ್ರ ಓಡುವ ಗಾಡಿಯಲ್ಲಿ ಡಿಪಿಎಫ್ ಮಸಿ ಸುಡುವಷ್ಟು, ಅಂದ್ರೆ ಸುಮಾರು 600 ಡಿಗ್ರಿ, ಕಾಯುದಕ್ಕೆ ಸಮಯವೇ ಸಿಗುದಿಲ್ಲ. ಅರ್ಧಕ್ಕೆ ನಿಂತ ಸುಡುವಿಕೆ ಪುನಃ ಪುನಃ ಆದ್ರೆ ಎಂಜಿನ್ ಆಯಿಲಿಗೆ ಡೀಸೆಲ್ ಸೇರ್ತದೆ. ಶಿರಾಡಿ ಘಾಟಿ ಹತ್ತಿ ವಾರವಾರ ಹೋಗುವವರಿಗೆ ಮಾತ್ರ ಡೀಸೆಲ್ ಸರಿ.

ಇ20 ಲೆಕ್ಕ ಇನ್ನೂ ಸಣ್ಣದು. ಎಥನಾಲಿನಲ್ಲಿ ಲೀಟರಿಗೆ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಮ್ಮಿ. 20% ಬೆರೆತಾಗ ಶುದ್ಧ ಪೆಟ್ರೋಲಿಗಿಂತ 6–7%, ಇ10ಕ್ಕಿಂತ 3–4% ಕಮ್ಮಿ. ಪಂಪಿನಲ್ಲಿ ಏನು ಬರಬೇಕು ಅಂತ ತೀರ್ಮಾನ ಮಾಡುದು ಸರಕಾರ. "ನಾವು ನಿಯಮ ಪಾಲಿಸ್ತೇವೆ" ಅಂದ್ರೆ ಮುಗಿಯಿತು, ಮೈಕ್ ಪಕ್ಕದವರಿಗೆ.

ಹೊಸ ಮಾಡೆಲ್ ಯಾವಾಗ ಅಂತ ಕೇಳುವ ಆಸೆಯೂ ಬೇಡ. ಕಂಪೆನಿ ಷೇರುಪೇಟೆಯಲ್ಲಿದ್ರೆ, ಷೇರಿನ ಬೆಲೆ ಅಲ್ಲಾಡಿಸುವ ಒಳಮಾಹಿತಿ ಸಭೆಯಲ್ಲಿ ಬಾಯಿಬಿಡ್ಲಿಕ್ಕೆ ಸೆಬಿ ನಿಯಮ ಬಿಡುದಿಲ್ಲ.

ತುಕ್ಕು ಕೇಳಿ. ಬಾಡಿಯ ಶೀಟಿಗೆ, ತುಕ್ಕು ತಡೆಯುವ ವ್ಯಾಕ್ಸಿಗೆ ಎಷ್ಟು ಹಣ ಹಾಕಬೇಕು, ವಾರಂಟಿ ಎಷ್ಟು ವರ್ಷ, ಇದೆಲ್ಲ ನಿಜವಾಗಿಯೂ ಅವರ ಮೇಜಿಗೆ ಹೋಗುವ ವಿಷಯ.

ಕಾಪು_ಟಿಂಕರ್:
ತುಕ್ಕು ಕೇಳುದಾದ್ರೆ ಅದು ಎಲ್ಲಿಂದ ಶುರುವಾಗ್ತದೆ ಅಂತ ತಿಳ್ಕೊಂಡು ಹೋಗಿ. ಇಲ್ಲಾಂದ್ರೆ "ನಮ್ಮಲ್ಲಿ ಸಿಇಡಿ ಕೋಟಿಂಗ್ ಉಂಟು" ಅಂತ ಒಂದೇ ವಾಕ್ಯದಲ್ಲಿ ಮುಗಿಸ್ತಾರೆ. ಸಿಇಡಿ ಈಗ ಎಲ್ಲರಲ್ಲೂ ಉಂಟು. ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹಾಯಿಸಿ, 20 ಮೈಕ್ರಾನ್ ಆಸುಪಾಸಿನ ಪದರ ಕೂರಿಸುದು. ತೆರೆದ ಜಾಗಕ್ಕೆ ಚೆನ್ನಾಗಿ ಕೂರ್ತದೆ.

ಬಾಗಿಲಿನ ಕೆಳ ಅಂಚು ನೋಡಿ. ಹೊರಗಿನ ಶೀಟನ್ನು ಒಳಗಿನ ಶೀಟಿನ ಮೇಲೆ ಮಡಚಿ ಒತ್ತಿರ್ತಾರೆ. ಆ ಸಂದಿಗೆ ಪ್ರೈಮರ್ ಸರಿಯಾಗಿ ಇಳಿಯುದಿಲ್ಲ. ಗಾಜಿನ ಬೀಡಿಂಗ್ ದಾಟಿ ಮಳೆನೀರು ಬಾಗಿಲೊಳಗೆ ಬರುದು ಸಹಜ, ಅದು ಕೆಳಗಿನ ಡ್ರೈನ್ ತೂತುಗಳಿಂದ ಹೊರಗೆ ಹೋಗಬೇಕು. ಕೆಂಪುಮಣ್ಣು ಕಟ್ಟಿ ತೂತು ಮುಚ್ಚಿತೋ, ನೀರು ಮಡಿಕೆಯಲ್ಲೇ ನಿಂತಿತು. ಪೈಂಟ್ ಗುಳ್ಳೆ ಎದ್ದ ಕಡೆ ಉಗುರಿನಿಂದ ಒತ್ತಿ: ಹಪ್ಪಳದ ಹಾಗೆ ಒಡೆದು ಕೆಳಗೆ ಕಂದು ಪುಡಿ ಸಿಕ್ಕಿದ್ರೆ ಹೆಚ್ಚಾಗಿ ಒಳಗಿನಿಂದ ಬಂದ ತುಕ್ಕು. ಕಲ್ಲು ತಾಗಿ ಬಂದದ್ದಾದ್ರೆ ಮಧ್ಯದಲ್ಲಿ ಪೈಂಟ್ ಹಾರಿದ ಗುರುತು ಇರ್ತದೆ. ಈ ವ್ಯತ್ಯಾಸ ಮುಖ್ಯ, ವಾರಂಟಿಯ ಜಗಳ ಪೂರ್ತಿ ಇದರ ಮೇಲೆಯೇ.

"ಮಳೆಗೆ ಗಾಡಿ ತೆಗೆಯುದೇ ಇಲ್ಲ, ಆದ್ರೂ ತುಕ್ಕು" ಅನ್ನುವವರಿಗೆ ಕಾರಣ: ತೇವಾಂಶ 75% ದಾಟಿದ್ರೆ ಉಪ್ಪು ಗಾಳಿಯಿಂದಲೇ ನೀರು ಎಳ್ಕೊಳ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಹೆಚ್ಚಿನ ಹೊತ್ತು ಅದಕ್ಕಿಂತ ಮೇಲೆಯೇ. ಶೆಡ್ಡಿನೊಳಗೆ ನಿಂತ ಗಾಡಿಯ ಅಡಿಯೂ ಒದ್ದೆ. ಮಳೆಯಲ್ಲಿ ನಿಂತ ಗಾಡಿಯ ಮೇಲ್ಭಾಗವನ್ನಾದ್ರೂ ಮಳೆ ತೊಳೀತದೆ!

ಮದ್ದು ಮೂರು ಕಡೆ ಉಂಟು. ಸತು ಲೇಪಿಸಿದ ಗ್ಯಾಲ್ವನೈಸ್ಡ್ ಶೀಟ್ (ಸತು ತಾನು ಸವೆದು ಕಬ್ಬಿಣ ಉಳಿಸ್ತದೆ), ಮಡಿಕೆಗೆ ಸೀಲರ್, ಪೊಳ್ಳು ಜಾಗಗಳಿಗೆ ವ್ಯಾಕ್ಸ್. ಮೂರೂ ಫ್ಯಾಕ್ಟರಿಯಲ್ಲೇ ಆಗಬೇಕಾದ್ದು. ಹೊರಗೆ ಹೊಡೆಸುವ ಕಪ್ಪು ರಬ್ಬರ್ ಅಂಡರ್‌ಕೋಟಿಂಗನ್ನು ನಂಬಿ ಕೂರ್ಬೇಡಿ. ತೊಳೆದು ಪೂರ್ತಿ ಒಣಗಿಸದೆ ಹೊಡೆದ್ರೆ ಉಪ್ಪುನೀರನ್ನೇ ಒಳಗಿಟ್ಟು ಸೀಲ್ ಮಾಡಿದಂತಾಯ್ತು. ಸ್ಪ್ರೇ ಮಾಡುವಾಗ ಡ್ರೈನ್ ತೂತುಗಳಿಗೆ ಟೇಪ್ ಹಾಕದಿದ್ರೆ ಅವೂ ಮುಚ್ಚಿ ಹೋಗ್ತವೆ.

ಘಾಟಿ_ಗೇರ್:
ಹೀಗೆ ಬರೆದಿದ್ದೇನೆ: "ಸರ್, ನಿಮ್ಮ ಕಾರುಗಳಿಗೆ ಸಾಲ್ಟ್ ಸ್ಪ್ರೇ ಪರೀಕ್ಷೆ ಎಷ್ಟು ಗಂಟೆ ಮಾಡ್ತೀರಿ, ಗ್ಯಾಲ್ವನೈಸ್ಡ್ ಶೀಟ್ ಎಷ್ಟು ಶೇಕಡಾ, ಕರಾವಳಿಯವರಿಗೆ ಬೇರೆ ವಾರಂಟಿ ಕೊಡ್ತೀರಾ?"

ಪಣಂಬೂರ್_ಪಿಸ್ಟನ್:
ಇದು ಒಂದಲ್ಲ, ಮೂರು ಪ್ರಶ್ನೆ. ಮೂರು ಕೊಟ್ರೆ ಅವರು ಸುಲಭದ್ದನ್ನು ಹಿಡ್ಕೊಳ್ತಾರೆ. ಅದು ಮೊದಲನೆಯದ್ದೇ ಆಗಿರ್ತದೆ.

ಗಂಟೆ ಕೇಳಿ ಉಪಯೋಗ ಇಲ್ಲ. ಸಾಲ್ಟ್ ಸ್ಪ್ರೇ ಅಂದ್ರೆ 35 ಡಿಗ್ರಿಯಲ್ಲಿ 5% ಉಪ್ಪುನೀರನ್ನು ಬಿಡದೆ ಚಿಮುಕಿಸುವ ಪೆಟ್ಟಿಗೆ. ಅಲ್ಲಿ ಪ್ಯಾನೆಲ್ ಒಣಗುದೇ ಇಲ್ಲ. ಹೊರಗೆ ಒದ್ದೆ, ಒಣ, ಪುನಃ ಒದ್ದೆ. ಸತುವಿನ ಮೇಲೆ ರಕ್ಷಣೆಯ ಪದರ ಕಟ್ಟುದು ಹಾಗೆ ಒಣಗುವಾಗ. ಆದ್ದರಿಂದ ಆ ಪೆಟ್ಟಿಗೆಯ ಗಂಟೆಗೂ ರಸ್ತೆಯ ವರ್ಷಕ್ಕೂ ನೇರ ಸಂಬಂಧ ಇಲ್ಲ. ಬ್ಯಾಚಿನಿಂದ ಬ್ಯಾಚಿಗೆ ಕೋಟಿಂಗ್ ಕೆಟ್ಟಿದೆಯಾ ಅಂತ ನೋಡ್ಲಿಕ್ಕೆ ಅದು ಸಾಕು. ಒದ್ದೆ-ಒಣ ಆವರ್ತನೆಯ ಸೈಕ್ಲಿಕ್ ಪರೀಕ್ಷೆ ನಿಜಕ್ಕೆ ಹತ್ತಿರ. ಗಂಟೆ ಕೇಳಿದ್ರೆ ಅವರು ಒಂದು ದೊಡ್ಡ ಸಂಖ್ಯೆ ಹೇಳ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ, ನಿಮಗೆ ಏನೂ ಸಿಕ್ಕಿರುದಿಲ್ಲ.

ಹೀಗೆ ಕೇಳಿ: "ಯುರೋಪಿನಲ್ಲಿ ಹಲವು ಕಂಪೆನಿಗಳು ಬಾಡಿ ಒಳಗಿನಿಂದ ತುಕ್ಕು ಹಿಡಿದು ತೂತಾದ್ರೆ 12 ವರ್ಷದ ವಾರಂಟಿ ಕೊಡ್ತವೆ. ಇಲ್ಲಿ ಮಾರುವ ಕಾರಿಗೆ ನೀವು ಅಷ್ಟು ಕೊಡದಿರ್ಲಿಕ್ಕೆ ಅಡ್ಡಿ ಯಾವುದು: ಶೀಟೋ, ವ್ಯಾಕ್ಸೋ, ಬೆಲೆಯೋ?" ಇಪ್ಪತ್ತು ಸೆಕೆಂಡ್ ಸಾಕು. ಮೂರರಲ್ಲಿ ಒಂದನ್ನು ಅವರು ಹೆಸರಿಸಲೇಬೇಕು. ಹೌದು, ಇಲ್ಲ ಅಂತ ಜಾರ್ಲಿಕ್ಕೆ ಆಗುದಿಲ್ಲ.

ಹೋಗುವ ಮೊದಲು ಆ ಕಂಪೆನಿಯ ವಾರಂಟಿ ಪುಸ್ತಕ ಓದಿ. ಮೇಲ್ಮೈ ತುಕ್ಕು ಬೇರೆ, ತೂತು ಬೇರೆ, ಪೈಂಟ್ ಬೇರೆ ಅಂತ ಬರೆದಿರ್ತಾರೆ. ಅವರು ಈಗಾಗಲೇ ಕೆಲವು ವರ್ಷ ಕೊಡ್ತಿದ್ರೆ ಪ್ರಶ್ನೆಯಲ್ಲಿ ಆ ಸಂಖ್ಯೆ ಸೇರಿಸಿ. ಸೇರಿಸದಿದ್ರೆ "ನಾವು ಕೊಡ್ತೇವಲ್ಲ" ಅಂತ ಅಲ್ಲೇ ಮುಚ್ಚುತ್ತಾರೆ. ಅವರಿಗೆ ಕನ್ನಡ ಬಾರದಿರಬಹುದು, ಇಂಗ್ಲಿಷಿನಲ್ಲೂ ಬರೆದಿಟ್ಟುಕೊಳ್ಳಿ. ಸಭೆಯಲ್ಲಿ ನಿಂತು ಅನುವಾದ ಮಾಡ್ಲಿಕ್ಕೆ ಹೋದ್ರೆ ಪ್ರಶ್ನೆ ಉದ್ದವಾಗ್ತದೆ.

ಚೀಟಿ ಸಂಗ್ರಹಿಸ್ತಾರಾ, ಮೈಕ್ ಓಡಿಸ್ತಾರಾ ಅಂತ ಸಂಘಟಕರನ್ನು ಮೊದಲೇ ಕೇಳಿ. ಚೀಟಿಯಾದ್ರೆ ದಪ್ಪ ಅಕ್ಷರದಲ್ಲಿ ಎರಡೇ ಸಾಲು. ಓದ್ಲಿಕ್ಕೆ ಕಷ್ಟವಾದ ಚೀಟಿ ಅಡಿಗೆ ಹೋಗ್ತದೆ. ಮೈಕ್ ಆದ್ರೆ ನಡುದಾರಿಯ ಅಂಚಿನ ಕುರ್ಚಿ ಹಿಡಿಯಿರಿ. ವಿದ್ಯಾರ್ಥಿಗಳಿಗೆ ಮೊದಲು ಅವಕಾಶ ಕೊಡುದು ನ್ಯಾಯ, ಅದಕ್ಕೆ ಗಲಾಟೆ ಬೇಡ. ಪಕ್ಕದ ವಿದ್ಯಾರ್ಥಿಯೇ ಕೇಳಿದ್ರೂ ಉತ್ತರ ಬಂದ ಹಾಗಾಯ್ತಲ್ಲ.

ಘಾಟಿ_ಗೇರ್:
ಸರಿ. ಹತ್ತಿರ ಹೋದಾಗ ಹಾಳೆಯನ್ನು ಸಿಇಒ ಕೈಗೇ ಕೊಡುದಾ?

ಕಾಪು_ಟಿಂಕರ್:
ಬೇಡ. ಅವರ ಹಿಂದೆ ಸರ್ವಿಸ್ ವಿಭಾಗದವರೋ ಎಂಜಿನಿಯರೋ ನಿಂತಿರ್ತಾರೆ, ಅವರಿಗೆ ಕೊಡಿ. ಸಿಇಒ ಕೈಗೆ ಕೊಟ್ಟ ಹಾಳೆ ಕಾರು ಹತ್ತುವ ಮೊದಲೇ ಇನ್ನೊಬ್ಬರ ಕೈಗೆ ಹೋಗಿರ್ತದೆ. ಎ4 ಒಂದೇ ಪುಟ. ಮಾಡೆಲ್, ತಯಾರಾದ ತಿಂಗಳು, ಓಡಿದ ಕಿಲೋಮೀಟರ್, ಕಡಲಿಂದ ಎಷ್ಟು ದೂರ ನಿಲ್ಲುವ ಗಾಡಿ. ಎರಡು ಫೋಟೋ: ಒಂದು ಇಡೀ ಬಾಗಿಲಿನದ್ದು, ಇನ್ನೊಂದು ಕೆಳ ಅಂಚಿನದ್ದು, ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. 17 ಅಕ್ಷರದ ಚಾಸಿಸ್ ನಂಬರ್ ಆ ಹಾಳೆಯಲ್ಲಿ ಮಾತ್ರ ಇರಲಿ, ಇಲ್ಲಿ ಹಾಕ್ಬೇಡಿ. ಸರ್ವಿಸ್ ಬಿಲ್ಲುಗಳ ಕಟ್ಟು ತರಬೇಡಿ, ಪೆನ್‌ಡ್ರೈವ್ ಅಂತೂ ಬೇಡವೇ ಬೇಡ, ಅಪರಿಚಿತರದ್ದನ್ನು ಯಾವ ಕಂಪೆನಿಯವರೂ ಲ್ಯಾಪ್‌ಟಾಪಿಗೆ ಹಾಕುದಿಲ್ಲ. ಸೆಲ್ಫಿ ಬೇಕಿದ್ರೆ ಹಾಳೆ ಕೊಟ್ಟ ಮೇಲೆ ಕೇಳಿ.

ಬಂದರು_ಬೋನೆಟ್:
ಹಾಳೆ ತೆಗೆದುಕೊಂಡವರ ಇಮೇಲ್ ಕೇಳಿಟ್ಟುಕೊಂಡು ಎರಡು ದಿನದೊಳಗೆ ನಾಲ್ಕು ಸಾಲು ಬರೆಯಿರಿ. ಅದರಲ್ಲಿ ವಾರಂಟಿ ಎತ್ತಬೇಡಿ, ಅದು ಅವರ ಕೈಯಲ್ಲಿಲ್ಲ. ಅವರ ಕೈಯಲ್ಲಿರುವುದನ್ನು ಕೇಳಿ: ಕರಾವಳಿಯ ಸರ್ವಿಸ್ ಸೆಂಟರುಗಳ ಜಾಬ್ ಕಾರ್ಡಿಗೆ (ಸರ್ವಿಸಿನ ಕೆಲಸಗಳ ಪಟ್ಟಿಗೆ) ಮಳೆಗಾಲದ ಮೊದಲು ಒಂದು ಸಲ, ನಂತರ ಒಂದು ಸಲ ಬಾಗಿಲು ಮತ್ತು ಅದರ ಕೆಳಗಿನ ರನ್ನಿಂಗ್ ಬೋರ್ಡಿನ ಡ್ರೈನ್ ತೂತು ಬಿಡಿಸುವ ಕೆಲಸ ಸೇರಿಸ್ಲಿಕ್ಕೆ ಆಗ್ತದಾ ಅಂತ. ವಿಂಡ್‌ಶೀಲ್ಡ್ ಕೆಳಗೆ ಗಾಳಿಮರದ ಎಲೆ ತುಂಬುವ ಜಾಗವನ್ನೂ ಅದರಲ್ಲೇ ಹೇಳಿ. ಅಲ್ಲಿ ನೀರು ಕಟ್ಟಿದ್ರೆ ತುಕ್ಕಿನ ಜೊತೆಗೆ ಬ್ಲೋವರ್ ಮೋಟರಿಗೂ ನೀರು.